ಎರಡು ಚುಕ್ಕಿಯ ಪತಂಗ

ಸಿಂದಗಿ, ನವೆಂಬರ್ 2003

ಪತಂಗ ಸಾಮ್ರಾಜ್ಯದ ಚಕ್ರವರ್ತಿಗಳಾದ ಬಸಂತರಾಯ ಸರ್ ಅವರ ದಿವ್ಯ ಸನ್ನಿಧಿಗೆ,

ನಿಮ್ಮ ವಿಳಾಸ ನನ್ನ ಹತ್ತಿರವಿದೆ. ಆದರೂ ಇದನ್ನು ಅಂಚೆಗೆ ಹಾಕುವುದಿಲ್ಲ.

ಗರಿಯಂಥ ಸೀಳುರೆಕ್ಕೆಯ ಆ ಎರಡು ಜಾತಿಯ ಪತಂಗಗಳು ಅಕ್ಕತಂಗಿಯರೆಂದು ಕಾಲೇಜಿನಲ್ಲಿ ಹೇಳುತ್ತಿದ್ದಿರಿ. ಅಕ್ಕನ ರೆಕ್ಕೆಗೆ ಒಂದು ಚುಕ್ಕಿ, ತಂಗಿಗೆ ಎರಡು. ತೊಗರಿಗೆ ಹೊಡೆಯುವ ಕೀಟನಾಶಕದ ಎಣ್ಣೆಯಿಂದ ಅಕ್ಕ ಅಪರೂಪವಾದಳು, ತಂಗಿಯಂತೂ ಇಪ್ಪತ್ತು ವರ್ಷದಿಂದ ಕಂಡಿರಲಿಲ್ಲ. ನಿಮ್ಮ ದುಃಖ ನೋಡಲಾರದೆ ನಾನು ಒಬ್ಬ ಅಕ್ಕನಿಗೆ ಕಾಡಿಗೆಯಿಂದ ಎರಡನೇ ಚುಕ್ಕಿ ಇಟ್ಟು ನಿಮ್ಮ ಮೇಜಿನ ಮೇಲೆ ಬಿಟ್ಟೆ. ನೀವು ಧಾರವಾಡದಿಂದ ಕೀಟಶಾಸ್ತ್ರದ ಪಂಡಿತರನ್ನು ಕರೆಸಿದಿರಿ. ಅವರು ರೆಕ್ಕೆಯ ಮೇಲೆ ಒದ್ದೆ ಕುಂಚ ಆಡಿಸಿದರು, ಎರಡನೇ ಚುಕ್ಕಿ ಅಳಿಸಿಹೋಯಿತು.

"ಸರ, ನಿಮ್ಮ ತಂಗಿ ಕಾಡಿಗಿ ಹಚ್ಕೊಂಡು ಬಂದಾಳ್ರಿ" ಎಂದು ಎಲ್ಲರಿಗಿಂತ ಮೊದಲು ನಕ್ಕವನು ನಾನೇ. ಚುಕ್ಕಿ ಇಟ್ಟವರು ನೀವೇ ಎಂದು ಅವರು ತಿಳಿದರು. ನಾನು ತಿದ್ದಲಿಲ್ಲ. ಆ ವಾರವೇ ನೀವು ಕೆಲಸ ಬಿಟ್ಟು ಹೋದಿರಿ.

ಇಂದು ದೇವರ ಹಿಪ್ಪರಗಿಯಲ್ಲಿ ಗೆಳೆಯ ಕಲ್ಮೇಶನ ತೊಗರಿ ಹೊಲಕ್ಕೆ ಹೋಗಿದ್ದೆ. ಬದುವಿನ ಹುಲ್ಲಿನ ಮೇಲೆ ಎರಡು ಚುಕ್ಕಿಯದೊಂದು ಕೂತಿತ್ತು. ನಂಬಿಕೆ ಬರಲಿಲ್ಲ. ಬೆರಳಿಗೆ ಉಗುಳು ಹಚ್ಚಿ ಒರೆಸಿದೆ. ಚುಕ್ಕಿ ಹೋಗಲಿಲ್ಲ, ರೆಕ್ಕೆಯೇ ಕಿತ್ತು ಬಂತು. ಪಕ್ಕದ ಕಡ್ಡಿಯ ಮೇಲೆ ಇನ್ನೊಂದಿತ್ತು. ಅದಕ್ಕೂ ಎರಡು.

"ಏನಲೇ ಅದು?" ಎಂದ ಕಲ್ಮೇಶ.

"ಏನಿಲ್ಲಲೇ, ತೊಗರಿ ಹುಳ."

"ಹಂಗಾರ ನಾಳೆ ಮುಂಜಾನೆ ಎಣ್ಣಿ ಹೊಡಿಬೇಕಾತು."

"ಬದುವಿಗೂ ಹೊಡಿ" ಅಂದೆ, ಸರ್.