ಸಂಜೆಯ ಹಳದಿ ಗೆರೆ

೨೧ ಆಗಸ್ಟ್ ೧೯೬೪, ಶಿರಸಿ
ಎರಡು ಪೀರಿಯಡ್ ಪಾಠ. ಆಮೇಲೆ ಪ್ರಿನ್ಸಿಪಾಲರ ಕುರ್ಚಿ. ಬೆಂಚಿಲ್ಲದ ದೂರು, ಸಂಸ್ಕೃತದವರಿಗೂ ಗಣಿತದವರಿಗೂ ಜಗಳ. ಫಿಸಿಕ್ಸ್ ಪ್ರೊಫೆಸರ್ ಬೇಕು ಅಂತ ಕರೆದರು, ವರ್ಷ ತುಂಬುವ ಮೊದಲೇ ಪ್ರಿನ್ಸಿಪಾಲ್ ಕೂಡ ನೀವೇ ಅಂದರು. ಬೇಡ ಎನ್ನಲು ಬಾಯಿ ಬರಲಿಲ್ಲ. ಹುಟ್ಟಿದ ಗುಡ್ನಾಪುರ ಇಲ್ಲೇ ಹತ್ತಿರ. ಬೇಡ ಅಂದರೆ ಊರವರು ನನ್ನನ್ನೇ, ಸಂಗಯ್ಯ ಮುಂಬಯಿಯಲ್ಲಿ ಓದಿ ಬಂದು ಸೊಕ್ಕಿದ ಅಂದಾರು.

ಮಧ್ಯಾಹ್ನ ಪಾರ್ಸೆಲ್. ಗ್ರೇಟಿಂಗ್! ನನ್ನ ಗೈಡ್ ಕರ್ಣಿಕ್ ಸಾಹೇಬರು ಕೊನೆಗೂ ಕಳಿಸಿದರು. ಅಂಗೈಯಗಲದ ಗಾಜು, ಮೇಲೆ ಅಲ್ಯೂಮಿನಿಯಂ ಲೇಪ, ಅದರ ತುಂಬ ಕಣ್ಣಿಗೆ ಕಾಣದ ಗೆರೆಗಳು. ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿಕೊಡುತ್ತದೆ. ಹೊತ್ತು ಮುಳುಗಿದ ಮೇಲೆ ಸ್ವಲ್ಪ ಹೊತ್ತು ಆಕಾಶದಲ್ಲಿ ಸೋಡಿಯಂನ ಹಳದಿ ಗೆರೆ ಇರುತ್ತದೆ. ಅದನ್ನು ಅಳೆಯಬೇಕು. ಡಿಸೆಂಬರ್ ಒಳಗೆ ಅಳತೆ ಕೊಟ್ಟರೆ ಮುಂಬಯಿಯಲ್ಲಿ ಸಾಹೇಬರ ಲ್ಯಾಬಿನಲ್ಲಿ ಜಾಗ. ಇಲ್ಲವಾದರೆ ಬೇರೆಯವರಿಗೆ. ಸ್ಪಷ್ಟವಾಗಿಯೇ ಬರೆದಿದ್ದಾರೆ.

೨೨ ಆಗಸ್ಟ್
ಬೂಸ್ಟು ಬಾರದ ಹಾಗೆ ಕಪಾಟಿನಲ್ಲಿ ದಿನಾ ಬಲ್ಬು ಉರಿಸಬೇಕು. ಬೀಗದ ಕೈ ಕೆರಿಯಪ್ಪನಿಗೆ ಕೊಟ್ಟೆ. ಲ್ಯಾಬ್ ಅಟೆಂಡರ್. ಮನ್ಮನೆ ಊರಿನವ, ನನಗಿಂತ ಹಿರಿಯ. ಹೇಳಿದೆ — ಸಂಜೆಯ ಹಳದಿ ಗೆರೆ ಹಿಡಿಯುವುದು ಇದರಲ್ಲೇ, ಇಡೀ ಕಾಲೇಜಿನಲ್ಲಿ ಇದಕ್ಕಿಂತ ದೊಡ್ಡ ವಸ್ತು ಇಲ್ಲ ಮಾರಾಯ, ಸಿಕ್ಕ ಹಾಗೆ ಮುಟ್ಟುವಂಥದ್ದಲ್ಲ, ದೇವರು ಅಂತ ತಿಳಿ.
“ತಿಳೀತು ಸಾರ್.” ಚಪ್ಪಲಿ ಹೊರಗೆ ಬಿಟ್ಟು ಬಂದು ಕಪಾಟಿಗೆ ಕೈ ಮುಗಿದ. ನಗು ಬಂತು.

೧೨ ಸೆಪ್ಟೆಂಬರ್
ಮೋಡ. ಗ್ರೇಟಿಂಗ್ ಕೂರಿಸಿ ಗೆರೆ ನೋಡುವ ಸ್ಪೆಕ್ಟ್ರೋಗ್ರಾಫಿನ ಪೆಟ್ಟಿಗೆ ತಯಾರು. ತಾರಸಿ ಮೇಲೆ ಅದಕ್ಕೊಂದು ಕಟ್ಟೆಯೂ ತಯಾರು. ಆಕಾಶ ಮಾತ್ರ ತಯಾರಿಲ್ಲ.

೯ ಅಕ್ಟೋಬರ್
ಮೋಡ ಒಡೆಯುತ್ತಿದೆ! ಪಡುವಣದಲ್ಲಿ ಒಂದು ತುಂಡು ಚೊಕ್ಕ ಆಕಾಶ. ಹೆಂಡತಿ ಗುರುಶಾಂತ ಕೇಳಿದಳು, “ಮುಂಬೈಕ್ಕ ಹೋಗೂದಾದ್ರ ನಾ ಈಗಿಂದ ಸಾಮಾನ ಕಟ್ಟಲೇನ್ರಿ?” ತಡಿಯೇ, ಮೊದಲು ಗೆರೆ ಕಾಣಲಿ ಅಂದೆ. ನನಗೂ ಒಳಗೊಳಗೇ ಕಟ್ಟುವ ಆಸೆ.

೧೨ ಅಕ್ಟೋಬರ್
ಚೇರ್ಮನ್ ಶಿವಲಿಂಗಪ್ಪನವರು ಬಂದರು. ಬನವಾಸಿ ಕಡೆಯ ವ್ಯಾಪಾರಸ್ಥರು. ಈ ಕಾಲೇಜು ನಿಂತಿರುವುದೇ ಅವರ ಹಟದಿಂದ. “ಸರ, ಯಲ್ಲಾಪುರದಾಗ ಬೆಂಚಿನ ಕಟ್ಟಿಗಿ ಬಂದೈತಿ. ನೀವ ಹೋಗಿ ನೋಡಿ ತರ್ರಿ. ಬ್ಯಾರೇದವ್ರ ಹೋದ್ರ ಡಿಪೋದವ್ರು ಹಸೀ ಕಟ್ಟಿಗಿ ಕೊಟ್ಟ ಕಳಸ್ತಾರ.” ಫಿಸಿಕ್ಸ್ ಪ್ರೊಫೆಸರ್ ಕಟ್ಟಿಗೆ ಆರಿಸಬೇಕು! ಹೂಂ ಅಂದೆ. ಹೂಂ ಅನ್ನುವುದೇ ನನ್ನ ರೋಗ. ನಾಡಿದ್ದು ಸಂಜೆಯೊಳಗೆ ಬರಬೇಕು.

೧೪ ಅಕ್ಟೋಬರ್, ಯಲ್ಲಾಪುರ, ಬೆಳಗ್ಗೆ
ಆಯುಧ ಪೂಜೆ. ಕಟ್ಟಿಗೆ ನಿನ್ನೆಯೇ ಹೇರಿಯಾಗಿದೆ. ಲಾರಿ ಅಲ್ಲಾಡುವುದಿಲ್ಲ. ಡ್ರೈವರ್ ಗೋವಿಂದ ಅದನ್ನು ತೊಳೆದು, ಬಾಳೆಕಂದು ಕಟ್ಟಿ, ಚೆಂಡು ಹೂವಿನ ಮಾಲೆ ಹಾಕಿ ನಿಲ್ಲಿಸಿದ್ದಾನೆ. “ಪೂಜೆ ಆಗ್ದೆ ಗಾಡಿ ತೆಗಿಯೂದಿಲ್ಲ ಸಾರ್. ನೀವು ದೊಡ್ಡವ್ರು, ನೀವೇ ಕಾಯಿ ಒಡೀರಿ.” ಒಡೆದೆ. ಸ್ಟಿಯರಿಂಗಿಗೆ, ದೀಪಕ್ಕೆ ಕುಂಕುಮ ಹಚ್ಚಿದೆ. ಚಕ್ರದಡಿ ನಿಂಬೆಹಣ್ಣು ಇಟ್ಟೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ನಮ್ಮ ಜನ ಅನ್ನ ಕೊಡುವ ಕಬ್ಬಿಣವನ್ನೂ ಮರೆಯುವುದಿಲ್ಲ. ಅವಲಕ್ಕಿ, ಬೆಲ್ಲ ತಿಂದೆ. ಆಕಾಶ ಒಂದು ಚುಕ್ಕೆ ಮೋಡವಿಲ್ಲದೆ...

ಅದೇ ದಿನ, ಶಿರಸಿ, ಸಂಜೆ ೫
ಲಾರಿ ಇಳಿದವನೇ ಲ್ಯಾಬಿಗೆ ಹೋದೆ.

ಲ್ಯಾಬಿನಲ್ಲಿ ಪೂಜೆ ಮುಗಿದಿತ್ತು. ತಕ್ಕಡಿ, ಬ್ಯಾಟರಿ, ಸ್ಕ್ರೂಗೇಜು — ಎಲ್ಲಕ್ಕೂ ಹೂವು. ನಡುವೆ ಮಣೆ. ಮಣೆಯ ಮೇಲೆ ಗ್ರೇಟಿಂಗ್. ಅದರ ಮೇಲೆ ಮೂರು ಬೆರಳಿನ ವಿಭೂತಿ, ಅಡ್ಡಕ್ಕೆ, ದಪ್ಪಗೆ. ನಡುವೆ ಕುಂಕುಮ. ಚೇರ್ಮನ್ನರು ತಮ್ಮ ಕೈಯಾರೆ ಹಚ್ಚಿ ಹೋಗಿದ್ದರು.

“ಯಾರು ತೆಗೆದದ್ದು?”
“ನಾನೇ ಸಾರ್,” ಅಂದ ಕೆರಿಯಪ್ಪ. ಮುಖ ಬೆಳಗುತ್ತಿತ್ತು. “ದೇವ್ರು ಅಂದಿದ್ರಲ ನೀವು. ಎಲ್ಲಾದಕ್ಕೂ ಪೂಜೆ ಮಾಡಿ ಅದೊಂದ್ನ ಕಪಾಟಲ್ಲಿ ಕೂರ್ಸೂದಾ? ಸಿಕ್ಕ ಹಾಂಗೆ ಮುಟ್ಲಿಲ್ಲ. ಕೆರೇಲಿ ಮಿಂದು ಒದ್ದೆ ಪಂಚೆಲೇ ಮುಟ್ಟಿದ್ದು. ಮನೇಲಿ ದೇವ್ರ ಸಾಮಾನು ತಿಕ್ಕೂ ಹಾಂಗೆ ಹುಣಸೆಹಣ್ಣು ಹಾಕಿ ತಿಕ್ಕಿದೆ. ಈಗ ನೋಡಿ, ಹೆಂಗೆ ಥಳಥಳ ಅಂತದೆ!”

ಹುಣಸೆಹಣ್ಣು. ಬೆರಳು ತಾಗಿದರೇ ಸಾಯುವ ಗೆರೆಗಳು. ಬೈಯಲೆಂದು ಬೆರಳೆತ್ತಿದೆ. ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಲಾರಿಯ ಕುಂಕುಮ ಇತ್ತು.
ಪ್ರಸಾದ ಕೊಟ್ಟ. ತಿಂದೆ.

೧೫ ಅಕ್ಟೋಬರ್
ಆದರೂ ಜೋಡಿಸಿ ನೋಡಿದೆ. ಜೀವ ಕೇಳಬೇಕಲ್ಲ. ಸೂರ್ಯ ಮುಳುಗಿದ. ಆಕಾಶ ತೊಳೆದಿಟ್ಟ ಹಾಗಿತ್ತು. ಒಳಗೆ ಬರೀ ಮಂಜು. ಗೆರೆ ಇಲ್ಲ, ಬಣ್ಣವೂ ಇಲ್ಲ. ಇದೇ ಸಂಜೆಗಾಗಿ ಮಳೆಗಾಲವಿಡೀ ಕಾದದ್ದು.

೧೭ ಅಕ್ಟೋಬರ್
ಚೇರ್ಮನ್ನರಿಗೆ ಹೇಳಿದೆ. ಮೊದಲು ನಂಬಲಿಲ್ಲ. “ಈಬತ್ತಿ ಹಚ್ಚಿದ್ರ ಕೆಡೂ ಗಾಜು ಎಂಥಾದ್ರೀ ಸರ?” ತಿಳಿಸಿ ಹೇಳಿದೆ. ಮುಖ ಇಳಿಯಿತು, ಆಮೇಲೆ ಕೆಂಪಾಯಿತು. “ಆ ಕೆರ್ಯಾನ್ನ ಇವತ್ತ ಮನೀಗೆ ಕಳಸ್ತೀನಿ. ತಿಕ್ಕಂತ ಅವಂಗ ಹೇಳಿದವ್ರ ಯಾರು?”
ನಾನೇ ಹೇಳಿದ್ದು. ದೇವರು ಅಂದದ್ದು ನಾನೇ.
“ಬ್ಯಾಡ್ರಿ,” ಅಂದೆ. “ಅಷ್ಟೇನೂ ಕೆಟ್ಟಿಲ್ಲ. ಅವಂಗ ಈ ಮಾತು ಎತ್ತಬ್ಯಾಡ್ರಿ.”
“ಹಂಗಂದ್ರ ಕೆಲಸ ನಡೀತೈತೇನ್ರಿ?”
“ನಡೀತೈತ್ರಿ.”
ಇನ್ನು ನಡೆಯುತ್ತಿದೆ ಎಂದೇ ತೋರಿಸಬೇಕು.

೬ ನವೆಂಬರ್
ಗ್ರೇಟಿಂಗ್ ನನ್ನ ಕೈಯಲ್ಲಿ ಕೆಟ್ಟಿತು ಅಂತ ಸಾಹೇಬರಿಗೆ ಬರೆದಿದ್ದೆ. ಇಂದು ಉತ್ತರ. ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜಾಗ ಪುಣೆಯ ಹುಡುಗನಿಗೆ. “ನೀವು ಅಲ್ಲಿ ಒಳ್ಳೆಯ ಕಾಲೇಜು ಕಟ್ಟಿ” ಅಂತ ಆಶೀರ್ವಾದ. ಗುರುಶಾಂತ ಕಟ್ಟಿದ್ದ ಗಂಟನ್ನು ಬಿಚ್ಚಿದಳು.

೨೮ ನವೆಂಬರ್
ದಿನಾ ಸಂಜೆ ಕೆರಿಯಪ್ಪ ಬಾಗಿಲಿಗೆ ಬರುತ್ತಾನೆ. “ಸಾರ್, ಮೋಡ ಇಲ್ಲ. ಮೇಲೆ ಕುರ್ಚಿ ಇಟ್ಟಿದೆ.” ಹೋಗುತ್ತೇನೆ. ಕೂರುತ್ತೇನೆ. ಏನೂ ಇಲ್ಲದ ಪೆಟ್ಟಿಗೆಗೆ ಕಣ್ಣಿಟ್ಟು ಕತ್ತಲಾಗುವವರೆಗೆ ನೋಡುತ್ತೇನೆ. ಅವನು ಮೆಟ್ಟಿಲ ಹತ್ತಿರ ನಿಂತು ಹುಡುಗರನ್ನು ಗದರುತ್ತಾನೆ — ಶ್, ಸಾರ್ ಕೆಲ್ಸ ಮಾಡ್ತಿದಾರೆ!

೧೦ ಡಿಸೆಂಬರ್
ಬೆಂಚುಗಳ ಉದ್ಘಾಟನೆ. ನನಗೆ ಶಾಲು. ಈ ಭಾಗದ ವಿಜ್ಞಾನಕ್ಕೆ ನಾನೇ ದೀಪ ಅಂತ ಭಾಷಣ. ಬೆಂಚು ಗಟ್ಟಿಯಾಗಿವೆ, ಅದು ನಿಜ.

೨೦ ಡಿಸೆಂಬರ್, ಸಂಜೆ ೬
ನಾಳೆ ಗ್ರೇಟಿಂಗ್ ವಾಪಸು. ಹತ್ತಿಯಲ್ಲಿ ಸುತ್ತುತ್ತಿದ್ದೆ. ಕೆರಿಯಪ್ಪ ದಾಸವಾಳ ಹಿಡಿದು ಬಂದ, ಮಿಂದು, ಅದೇ ಒದ್ದೆ ಪಂಚೆಯಲ್ಲಿ. ಈ ಚಳಿಯಲ್ಲಿ.
“ಹೊರಟ್ತಾ ಸಾರ್ ದೇವ್ರು?”
ಹೂಂ ಅಂದೆ.
ಹೂವು ಇಟ್ಟ. ಕೈ ಮುಗಿದ. ಹೋಗಲಿಲ್ಲ, ನಿಂತೇ ಇದ್ದ.
“ಸಾರ್, ಅಷ್ಟ್ ದಿನ ಕೂತ್ರಲ... ಆ ಹಳದಿ ಗೆರೆ, ಸಿಕ್ತಾ?”
ತಲೆಯೆತ್ತಿ ಅವನ ಮುಖ ನೋಡಿದೆ. ಹೇಳಿದೆ — “ಸಿಕ್ತು ಮಾರಾಯ.”