ಮುನಿಯಣ್ಣನ ಮೈಕ್

೪ ಜೂನ್ ೨೦೦೨, ಮಂಗಳವಾರ
ಮತ್ತೆ ಆ ಚಕ್ರಪಾಣಿ. ನಮ್ಮ ಕಾಲ್ ಟ್ಯಾಕ್ಸಿಗೂ ಅವನ ಸೆಕ್ಯುರಿಟಿ ಕಂಪನಿಗೂ ಒಂದೇ ವೈರ್‌ಲೆಸ್ ಚಾನಲ್. ಒಬ್ಬರು ಮೈಕಿನ ಗುಂಡಿ ಒತ್ತಿ ಮಾತಾಡಿದರೆ ಉಳಿದವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕು. ಅವನು ಗಾರ್ಡುಗಳ ತಿಂಡಿ ವಿಚಾರಿಸುತ್ತಾ ಕೂರುತ್ತಾನೆ, ಎಲ್ಲಿಗೆ ಹೋಗಬೇಕೆಂದು ನಾನು ಹೇಳಲಿ ಅಂತ ನನ್ನ ಗಾಡಿಗಳು ಕಾಯುತ್ತವೆ. "ಚಾನಲ್ ಬಿಡ್ರೀ!" ಎಂದೆ. "ನಿಮ್ಮೊಬ್ಬರದಾ ಮೇಡಂ?" ಎಂದ. ನಾನು ಬಿ.ಎಸ್ಸಿ. ಓದಿದ್ದು ಇದಕ್ಕಾ...
ರಾತ್ರಿ ಮತ್ತೆ ನಿದ್ದೆಯಿಲ್ಲ. ಎದ್ದೆದ್ದು ಮಗಳ ಉಸಿರು ನೋಡುತ್ತೇನಂತೆ, ಅದು ಹುಚ್ಚಂತೆ — ಕಲ್ಮೇಶನ ಮಾತು. ಮಗ್ಗುಲಾಗಿ ಗೊರಕೆ ಹೊಡೆದ. ಗಂಡನಂತೆ.

೬ ಜೂನ್
ಹಾವೇರಿಯಿಂದ ಅತ್ತೆ ಬಂದಿದ್ದಾರೆ. ಅಡುಗೆಮನೆಯಲ್ಲಿ ತಾಯಿ, ಮಗನ ಗುಸುಗುಸು. ನಾನು ಹೋದರೆ ಗಪ್‌ಚುಪ್.

೧೧ ಜೂನ್, ಮಧ್ಯಾಹ್ನ
ಆದದ್ದು ಆದ ಹಾಗೇ ಬರೆದಿಡುತ್ತೇನೆ.
ಮಗಳಿಗೆ ದಡಾರದ ಇಂಜೆಕ್ಷನ್. ಕ್ಲಿನಿಕ್ಕಿಗೆ ಕರೆದೊಯ್ಯುತ್ತೇನೆ ಎಂದರು ಅತ್ತೆ. ಆಫೀಸಿನಿಂದ ಅತ್ತಿಗುಪ್ಪೆಯ ಮನೆಗೆ ನಮ್ಮ ಡ್ರೈವರ್ ಮುನಿಯಣ್ಣನ ಗಾಡಿ ಕಳಿಸಿದ್ದು ನಾನೇ. ನಾನೇ!
ಸ್ವಲ್ಪ ಹೊತ್ತಿಗೆ ಚಾನಲ್ ಜಾಮ್. ಯಾವನೋ ಗುಂಡಿ ಒತ್ತಿಕೊಂಡೇ ಕೂತಿದ್ದಾನೆ. ಚಕ್ರಪಾಣಿಗೆ ಬೈಯಲು ಬಾಯಿ ತೆರೆದೆ. ಸ್ಪೀಕರಿನಲ್ಲಿ ನನ್ನ ಮಗಳ ಅಳು, ಹಿಂದೆಯೇ ಅತ್ತೆಯ ದನಿ.
"ದವಾಖಾನಿ ಬ್ಯಾಡಪ್ಪ, ಮೆಜೆಸ್ಟಿಕ್ಕಿಗೆ ನಡಿ."
"ಮೆಜೆಸ್ಟಿಕ್ಕಾ ಅಮ್ಮ? ಹಾವೇರಿ ಬಸ್ಸಿಗಾ? ಮೇಡಂಗೆ ಗೊತ್ತಾ?"
"ಆಕಿಗೆ ಹೇಳಬ್ಯಾಡ. ನಿದ್ದಿಗೆಟ್ಟು ತಲಿ ಕೆಟ್ಟೈತಿ ಆಕಿದು. ಕೂಸು ಊರಾಗ ಇರ್ಲಿ ಅಂತ ನಮ್ಮ ಕಲ್ಮೇಶನ ಹೇಳ್ಯಾನ."
ಕಿರುಚಿದೆ. ಏನು ಪ್ರಯೋಜನ? ಮುನಿಯಣ್ಣ ಗುಂಡಿ ಬಿಡುವವರೆಗೆ ನನ್ನ ದನಿ ಅವನಿಗೆ ಕೇಳಿಸದು. ಮೊಬೈಲೂ ಇಲ್ಲ ಅವನ ಬಳಿ. ಊರಿನ ಗಾಡಿಗಳು, ಗಾರ್ಡುಗಳು ಎಲ್ಲ ನನ್ನ ಸಂಸಾರ ಕೇಳುತ್ತಾ...
ಮೇಜಿನ ಫೋನ್ ಬಡಿದುಕೊಂಡಿತು. ಚಕ್ರಪಾಣಿ!
"ನಿಮ್ ಮಗೂನಾ ಮೇಡಂ? ಮೊದ್ಲು ಹೊರಡಿ. ನಿಮ್ ಗಾಡಿಗಳನ್ನ ನಾನು ಕರೀತೀನಿ. ಚಾನಲ್ ಒಂದೇ ತಾನೆ?"
ರಾಜಾಜಿನಗರದ ಆಫೀಸಿನಿಂದ ಮೆಜೆಸ್ಟಿಕ್ಕಿಗೆ ಆಟೋ. ಅತ್ತೆ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದರು. ಕಿತ್ತುಕೊಂಡೆ ಮಗಳನ್ನು. "ಎಲ್ಲಾರ ಮುಂದ ಮಾನ ಕಳೀಬ್ಯಾಡ" ಎಂದರು. ಕಳೆದೆ. ಬಾಯ್ತುಂಬ ಕಳೆದೆ. ಅತ್ತೆ ಒಬ್ಬರೇ ಬಸ್ಸು ಹತ್ತಿದರು.
ಮುನಿಯಣ್ಣ ಬ್ಯಾಗ್ ಹಿಡಿದು ನಿಂತಿದ್ದ. "ಮೈಕು ತೊಡೆ ಕೆಳಗೆ ಸಿಕ್ಕಾಕ್ಕೊಂಡಿತ್ತು ಮೇಡಂ." ಮುಖ ಕೊಟ್ಟು ಹೇಳಲಿಲ್ಲ. ಒಂದೊಂದು ಮಾತನ್ನೂ ಅಷ್ಟು ಜೋರಾಗಿ ಯಾಕೆ ಕೇಳಿದ್ದ? ನಾನೂ ಕೆದಕಲಿಲ್ಲ.

೧೨ ಜೂನ್, ಸಂಜೆ
ಕಲ್ಮೇಶ ನಿನ್ನೆ ಮನೆಗೇ ಬರಲಿಲ್ಲ. ಇವತ್ತು ಬಂದ. ಮೊದಲ ಮಾತು — "ಎಲ್ಲಾರಿಗೂ ಕೇಳಿಸ್ತಂತಲ್ಲ! ಇನ್ನ ಹೆಂಗ ಮುಖ ತೋರಿಸ್ಲಿ?"
ಮಗಳು ಉಂಡಳಾ ಅಂತ ಕೇಳಲಿಲ್ಲ.
ಅವಳ ಬಟ್ಟೆ ಬ್ಯಾಗಿಗೆ ತುಂಬಿದೆ. "ಎಲ್ಲಿಗೆ?" ಎಂದ. ಕ್ಲಿನಿಕ್ಕಿಗೆ, ಇಂಜೆಕ್ಷನ್ ಇನ್ನೂ ಆಗಿಲ್ಲ ಎಂದೆ. ಅಲ್ಲಿಂದ ಮುಂದೆ ಎಲ್ಲಿಗೆ ಎಂದು ಅವನಿಗೆ ಹೇಳುವುದಿಲ್ಲ. ಅವನು ನನಗೆ ಹೇಳಿದ್ದನಾ?
ಹೊರಗೆ ಮುನಿಯಣ್ಣನ ಹಾರ್ನ್. ಇವನು ಬಾಗಿಲಿಗೆ ಅಡ್ಡ ಬಂದು ನಿಂತಿದ್ದಾನೆ. ನಿಲ್ಲಲಿ. ಮಗಳನ್ನು ಎತ್ತಿಕೊಂಡು ಅವನನ್ನು ಸರಿಸಿ ಹೊರಟೆ.