ಚೆಂದವಾಗಿ ಸಾಯಬಾರದೆಂದ ಮಾವನಿಗೆ

ಸುಬೇದಾರ್ ಮಾವಾ,

ನೀನು ಹೋದಲ್ಲಿ ಬಾಗಿಲು ಕಾಯುವವರನ್ನು ಇಷ್ಟು ಹೊತ್ತಿಗೆ ಸಾಲಾಗಿ ನಿಲ್ಲಿಸಿ, ಹೊಟ್ಟೆ ಒಳಗೆಳೆದುಕೊಳ್ಳಲು ಹೇಳಿರುತ್ತೀಯ ಎಂಬ ಭರವಸೆ ನನಗಿದೆ. ಅವರಿಗೆ ಸ್ವಲ್ಪ ಆರಾಮ ಕೊಟ್ಟು ಇದನ್ನು ಓದು. ನಮ್ಮ ಯುದ್ಧದ ಸಿನಿಮಾ ತೆರೆ ಕಂಡಿತು. ಗೆದ್ದೆವು.

ಯಲ್ಲಾಪುರದ ವಿನುತಾ ತನ್ನ ಸಿನಿಮಾದ ನಟರಿಗೆ ಕವಾಯತು ಕಲಿಸೆಂದು ಭೈರುಂಬೆಗೆ ಬಂದ ದಿನ ನೆನಪಿದೆಯಾ? ನೀನು ಕೇಳಿದ್ದು ಒಂದೇ. "ಹೀರೋ ಒಬ್ಬನೇ ನೂರು ಜನಕ್ಕೆ ಹೊಡಿತ್ನನೇ ಕೂಸೇ? ಹಂಗಾದ್ರೆ ಆನು ಬತ್ನಿಲ್ಲೆ."

"ಇಲ್ಲೆ ಮಾವ, ಹೊಡೆಯಲೆ ಹೋಗಿ ಹೆದರ್ತ," ಎಂದಳು ವಿನುತಾ.

ಅಲ್ಲಿಗೆ ನೀನು ಬೂಟಿಗೆ ಪಾಲಿಶ್ ಹುಡುಕತೊಡಗಿದೆ.

ಇಸಳೂರಿನ ಬಯಲಲ್ಲಿ ನಿನ್ನ ಕೈಗೆ ಸಿಕ್ಕ ಸೈನ್ಯವೆಂದರೆ ಸಿದ್ದಾಪುರದ ಯಕ್ಷಗಾನ ಕಲಾವಿದರು. ತೆವಳಿಸಿದೆ, ಓಡಿಸಿದೆ, ಬರೆಯಲಾಗದ ಮಾತುಗಳಿಂದ ಆಶೀರ್ವದಿಸಿದೆ. ಎಲ್ಲ ಕಲಿತರು, ಸಾಯುವುದೊಂದನ್ನು ಬಿಟ್ಟು. ಅವರಲ್ಲೊಬ್ಬ ಗಣಪತಿ, ಗುಂಡು ತಗುಲಿದವನು, ಎರಡು ಸುತ್ತು ತಿರುಗಿ, ಇಲ್ಲದ ಮೀಸೆ ತೀಡಿ, ಇಲ್ಲದ ಭಾಗವತರ ಕಡೆ ನೋಡಿ, ಬಟ್ಟೆ ಮುದುಡದಂತೆ ಮಲಗಿದ. "ಗುಂಡು ತಾಗಿದ್ದನಾ, ಗೆಜ್ಜೆ ಕಟ್ಟಿದ್ದನಾ? ಸೀದಾ ಬೀಳಾ!" ಎಂದು ನೀನು ಗುಡುಗಿದೆ.

"ಹಂಗೆ ಬಿದ್ರೆ ಜನಕ್ಕೆ ಮಜಾ ಎಂತ ಬಂತು ಮಾವಾ?" ಎಂದ ಗಣಪತಿ.

ಆಗ ನೀನು ಬೈಯಲಿಲ್ಲ. ಕುಳಿತು ಸೋಮಪ್ಪನ ವಿಷಯ ಹೇಳಿದೆ. ಗಡಿಯ ಗುಡ್ಡದ ಮೇಲೆ ನಿನ್ನ ಪಕ್ಕ ಕೂತಿದ್ದ ಹಾವೇರಿಯ ಸೋಮಪ್ಪ, "ಏನ್ ಥಂಡಿಲೇ ಹೆಗಡ್ಯಾ, ಒಂದೀಟು ಚಾ..." ಎಂದವನು ವಾಕ್ಯ ಮುಗಿಸಲಿಲ್ಲ. ಅಷ್ಟೇ. ಅದನ್ನು ಹಾಗೇ ತೋರಿಸಬೇಕು, ಸಂಗೀತ ಕೂಡದು ಎಂದು ನೀನು ವಿನುತಾಳಿಂದ ಮಾತು ತಗೊಂಡೆ. ಚಿತ್ರೀಕರಣ ಮುಗಿಯಿತು. ಆಮೇಲೆ ನೀನೂ, ಯಾರಿಗೂ ಹೇಳದೆ...

ನೀನಿಲ್ಲವೆಂದ ಕೂಡಲೇ ದುಡ್ಡು ಹಾಕಿದ ಟೈರ್ ಅಂಗಡಿ ನಾಯ್ಕರಿಗೆ ಧೈರ್ಯ ಬಂತು. "ಚಾ ಕೇಳ್ತಾ ಸತ್ರೆ ಯಾರು ಅಳ್ತಾರೆ ಮಾರಾಯ್ರೆ? ತಾಯ್ನಾಡಿನ ಬಗ್ಗೆ ನಾಕು ಮಾತು ಸೇರ್ಸಿ, ಹಿಂದೊಂದು ಕೊಳಲು ಬಿಡಿ." ವಿನುತಾ ಜಗ್ಗಲಿಲ್ಲ. ನಾನು ಅವಳ ಬೆನ್ನ ಹಿಂದೆ ನಿಂತು ಮಹಾ ಶೌರ್ಯದಿಂದ ಹೋರಾಡಿದೆ. ಕೊನೆಗೆ ರಾಜಿಯಾಯಿತು: ಶಿರಸಿಯಲ್ಲಿ ಒಂದು ಪ್ರದರ್ಶನ ಇದ್ದಂತೆಯೇ, ಜನ ಎದ್ದು ಹೋದರೆ ಕೊಳಲು.

ಮೊನ್ನೆ ಭಾನುವಾರ ಥಿಯೇಟರು ತುಂಬಿತ್ತು. ತರಬೇತಿ ನೋಡಿ ಬಿದ್ದು ಬಿದ್ದು ನಕ್ಕರು. ಗುಡ್ಡದ ಕಾಳಗ ಶುರುವಾಗುತ್ತಲೇ ನಗು ಎಲ್ಲಿ ಹೋಯಿತೋ! ಸೋಮಪ್ಪನ ಪಾತ್ರದ ಗಣಪತಿ "ಒಂದೀಟು ಚಾ..." ಎಂದ. ಗೋಣಿಚೀಲದಂತೆ ಕುಸಿದ, ಮುಖ ಕೆಸರಿಗೆ. ಚಿಪ್ಸ್ ಪ್ಯಾಕೆಟ್ಟಿನೊಳಗೆ ಹೋದ ಕೈಗಳು ಅಲ್ಲೇ ನಿಂತವು. ನಾಯ್ಕರು ಪರದೆ ಬಿಟ್ಟು ಜನರನ್ನೇ ನೋಡುತ್ತಿದ್ದರು. ಮಾವಾ, ಒಬ್ಬರೂ ಏಳಲಿಲ್ಲ! ನೀನು ಯುದ್ಧದ ಮಾತೆತ್ತಿದರೆ ಒಳಗೆ ಎದ್ದು ಹೋಗುತ್ತಿದ್ದ ಅತ್ತೆಯೂ.

ವಿನುತಾ ಸೋಮಪ್ಪನ ಮಗಳನ್ನು ಹುಡುಕಿ ಕರೆಸಿದ್ದಳು, ನಿನಗಿದು ಗೊತ್ತಿಲ್ಲ. ಸಿನಿಮಾ ಮುಗಿದ ಮೇಲೆ ನಾಯ್ಕರು ಕೈಮುಗಿದು ಆಕೆಯ ಹತ್ತಿರ ಹೋದರು.

"ನಮ್ಮಪ್ಪ ಘೋಷಣೆ ಕೂಗ್ತಾ ಸತ್ತ ಅಂತ ಎಲ್ಲಾರೂ ಭಾಷಣ ಮಾಡೋರು. ಅಂವ ಯಾರೋ ಬ್ಯಾರೇನ ಅನಿಸ್ತಿದ್ದ ನೋಡ್ರಿ," ಎಂದಳು. "ಇವತ್ತ ನಮ್ಮಪ್ಪ ಅನ್ನಿಸಿದ. ನಮ್ಮೂರಾಗೂ ತೋರಸ್ರಿ. ಹಿಂಗ ತೋರಸ್ರಿ."

ನಾಯ್ಕರು ಅಲ್ಲೇ ಫೋನ್ ತೆಗೆದು ಕೊಳಲಿನವನಿಗೆ ಬರಬೇಡ ಎಂದರು.

ನಿನ್ನ ಅಳಿಯ